ಸುಮತಿ ಊರಿಗೆ ಹೋಗಿದ್ದಾಳೆ

ಗಂಡಸಿಗೆ ಹೊಟ್ಟೆ ಬಂದರೆ ಜನ ಪ್ರಮೋಷನ್ ಬಂತೇ ಎಂದು ಕೇಳುತ್ತಾರೆ. ಹೆಂಗಸಿಗೆ ಬಂದರೆ ಏನೂ ಕೇಳದೆ ನೋಡುತ್ತಾರೆ. ಇಷ್ಟು ತಿಳಿಯಲು ನಮ್ಮ ಮನೆಯಲ್ಲಿ ಎರಡು ಆಪರೇಷನ್ ಆಗಬೇಕಾಯಿತು.

ಆಗ ನಾನು ಕೋಲ್ಕತ್ತದಲ್ಲಿ ಬ್ಯಾಂಕ್ ಅಧಿಕಾರಿ. ಸಾಲ್ಟ್ ಲೇಕಿನ ಸಾಫ್ಟ್‌ವೇರಿನವರು ಬಂದು ಶಾಖೆಗೆಲ್ಲ ಕಂಪ್ಯೂಟರ್ ಕೂರಿಸಿದ ಮೇಲೆ, ಎದ್ದು ಹೋಗಿ ಲೆಡ್ಜರ್ ತರುವ ಶ್ರಮವೂ ತಪ್ಪಿ ನಾನು ಚೆನ್ನಾಗಿ ಊದಿದ್ದೆ. ಹೆಂಡತಿ ಸುಮತಿಯೂ ದಪ್ಪ. ಸದರ್ನ್ ಅವೆನ್ಯೂವಿನ ನಮ್ಮ ಮೂರನೇ ಮಹಡಿ ಹತ್ತಲು ಅವಳ ಮಂಡಿ ಒಪ್ಪದಾದಾಗ ಡಾಕ್ಟರು ಜಠರ ಚಿಕ್ಕದು ಮಾಡುವ ಆಪರೇಷನ್ ಸೂಚಿಸಿದರು. ಅವರ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ ಹೆಂಗಸರು. ಜೊತೆಗೆ ಬಂದ ಗಂಡಂದಿರೆಲ್ಲ ಅವರಿಗಿಂತ ದಪ್ಪ. ಡಾಕ್ಟರು ನನ್ನನ್ನೂ ಒಮ್ಮೆ ನೋಡಿ, "ಹೆಂಗಸರು ಮಂಡಿ ನೋಯುವಾಗ ಬರ್ತಾರೆ, ಗಂಡಸರು ಎದೆ ನೋಯುವಾಗ," ಎಂದರು. ನಾನು ನಕ್ಕುಬಿಟ್ಟೆ.

ನಮ್ಮ ಕನ್ನಡ ಸಂಘದಲ್ಲಿ ಒಂದು ಪದ್ಧತಿಯಿತ್ತು. ಯಾರೇ ಆಸ್ಪತ್ರೆ ಸೇರಲಿ, ಉಳಿದವರು ಫ್ಲಾಸ್ಕಿನಲ್ಲಿ ಗಂಜಿತಿಳಿ ಹಿಡಿದು ಸರದಿಯಂತೆ ಬರುತ್ತಿದ್ದರು. ಇಷ್ಟು ದೂರ ಬಂದವರಿಗೆ ಅದೇ ನೆಂಟಸ್ತಿಕೆ. ಆದರೆ ಹೆಂಡತಿಗೆ ತೆಳ್ಳಗಾಗುವ ಆಪರೇಷನ್ ಎನ್ನಲು ನನಗೆ ನಾಚಿಕೆ. ಅವಳ ಮರ್ಯಾದೆಯ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡೆ, ನಿಜಕ್ಕೂ ಇದ್ದದ್ದು ನನ್ನ ಮರ್ಯಾದೆಯದು. ಕೇಳಿದವರಿಗೆಲ್ಲ, "ಸುಮತಿ ಊರಿಗೆ ಹೋಗಿದ್ದಾಳೆ, ತಂಗಿಯ ಬಾಣಂತನಕ್ಕೆ," ಎಂದೆ. ಅವಳು ಐದು ದಿನ ಬಾಗಿಲು ನೋಡುತ್ತಾ ಮಲಗಿದ್ದಳು.

"ಯಾರೂ ಬರ್ಲಿಲ್ಲ ಅಲ್ವಾ? ನಾನು ಎಲ್ಲರನ್ನೂ ನೋಡ್ಲಿಕ್ಕೆ ಹೋದವಳು," ಎಂದಳು.

"ಬಂದ್ ಮಾರಾಯ್ತಿ, ಬಸ್ಸಿಲ್ಲ," ಎಂದೆ. ಕೋಲ್ಕತ್ತದಲ್ಲಿ ಈ ಸುಳ್ಳಿಗೆ ಸಾಕ್ಷಿ ಬೇಕಿಲ್ಲ.

ಮನೆಗೆ ಬಂದ ವಾರದಲ್ಲೇ ಸಂಘದ ಕಾರ್ಯದರ್ಶಿ ಭಟ್ಟರು ಫೋನ್ ಮಾಡಿ ಬಾಣಂತಿ ಹೇಗಿದ್ದಾಳೆಂದು ಅವಳನ್ನೇ ಕೇಳಿದರು. ಸುಮತಿ ನನ್ನ ಮುಖವನ್ನೇ ನೋಡುತ್ತಾ, "ಹುಷಾರಿದ್ದಾಳೆ," ಎಂದು ಫೋನ್ ಇಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುವರ್ಷ, ಡಾಕ್ಟರು ಹೇಳಿದ ಹಾಗೆಯೇ, ನನಗೆ ಎದೆನೋವು ಬಂತು. ತೂಕ ಇಳಿಸದಿದ್ದರೆ ಹೃದಯ ತಡೆಯದು ಎಂದಾಗ ನಾನೂ ಅದೇ ಜಠರದ ಆಪರೇಷನ್‌ಗೆ ಮಲಗಿದೆ. ಈ ಸಲ ಸುದ್ದಿಯನ್ನು ನಾನೇ ಹಂಚಿದ್ದೆ. ಸಂಘಕ್ಕೆ ಸಂಘವೇ ಬಂತು. ಭಟ್ಟರು ಫ್ಲಾಸ್ಕ್ ಮೇಜಿನ ಮೇಲಿಟ್ಟು, "ಈ ವಯಸ್ಸಲ್ಲಿ ಎಂಥ ಧೈರ್ಯ ನಿಮ್ದು," ಎಂದು ಮೆಚ್ಚಿದರು. ಆಮೇಲೆ ಸುಮತಿಯ ಕಡೆ ತಿರುಗಿ, "ನೀವೆಂತ ಇಷ್ಟು ಸೊರಗಿದ್ದು? ಗಂಡನ ಚಿಂತೆಯಾ?" ಎಂದರು.

"ಹೌದು, ಗಂಡನದ್ದೇ," ಎಂದಳು ಸುಮತಿ.

ಹೇಳಬೇಕಾದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. ನಾನು ಹೊಲಿಗೆ ನೋಯುವವನಂತೆ ಕಣ್ಣು ಮುಚ್ಚಿಕೊಂಡೆ.

ಭಟ್ಟರು ಹೋದ ಮೇಲೆ ಅವಳು ಫ್ಲಾಸ್ಕ್ ತೆರೆದು ಲೋಟಕ್ಕೆ ಬಗ್ಗಿಸಿದಳು. "ಕುಡೀರಿ. ರುಚಿ ಹೇಗುಂಟು ಹೇಳಿ. ನನಗೆ ಯಾರೂ ತಂದಿರ್ಲಿಲ್ಲ."

ಎರಡು ಗುಟುಕೂ ಇಳಿಯಲಿಲ್ಲ. ಡಾಕ್ಟರು ಅದು ಆಪರೇಷನ್ನಿನಿಂದ ಎಂದರು, ನಾನೂ ಹೌದೆಂದೆ.