ಮಾವ ಕಟ್ಟಿದ ಬಂಗಲೆ

ಚಿನ್ನದ ಗಣಿಯಲ್ಲಿ ಕೂಲಿ ಮಾಡುತ್ತಲೇ ಬಂಗಲೆ ಕಟ್ಟಿದವರು ನಮ್ಮ ಸೋದರಮಾವ. ನಂಬುವುದಿಲ್ಲವೇ? ಅದೂ ಮಾರಿಕುಪ್ಪಂನ ಕೂಲಿ ಲೈನಿನ ಒಂದೇ ಕೋಣೆಯ ಮನೆಯೊಳಗೆ, ಎರಡು ಮೊಳದ ರಟ್ಟಿನ ಮೇಲೆ!

ಐವತ್ತರ ದಶಕದ ಕೊನೆಯ ಮಾತು. ದೊರೆಗಳ ಬಂಗಲೆಯ ಹಿಂದಿನ ಕಸದಲ್ಲಿ, ಮಾವ ಅಂಟಿಸಿ ಮಾಡುತ್ತಿದ್ದ ಚಿತ್ರಕ್ಕೆ ಬೇಕಾದ್ದೆಲ್ಲ ಸಿಗುತ್ತಿತ್ತು. ಸೋಪು ಸುತ್ತಿದ ಕಾಗದ ಕಿಟಕಿಯ ಪರದೆಯಾಯಿತು. ಬಿಸ್ಕತ್ತು ಡಬ್ಬಿಯ ತಗಡು ದೀಪವಾಯಿತು. ಒಡೆದ ಪಿಂಗಾಣಿಯ ಚೂರು ಟೀಪಾಯಿಯ ಮೇಲೆ ಕಾಫಿ ಲೋಟವಾಗಿ ಕೂತಿತು. ಉಳಿದದ್ದಕ್ಕೆಲ್ಲ ಬಣ್ಣ. ಅತ್ತೆ ಮುದ್ದೆಗೆ ಎಸರಿಡೋಣವೆಂದು ಪಾತ್ರೆ ಹುಡುಕಿದರೆ ಅದರ ತುಂಬ ಮೈದಾ ಅಂಟು!

ಪಾಳಿ ಮುಗಿಸಿ ಹೊರಬರುವವರ ಮೈ ತಡಕಿ ನೋಡುವುದು ಗಣಿಯ ಪದ್ಧತಿ. ಒಂದು ದಿನ ಮಾವನ ರುಮಾಲಿನೊಳಗೆ ಏನೋ ಫಳಕ್ಕೆಂದಿತು. ಕಾವಲುಗಾರ ರುಮಾಲನ್ನೇ ಬಿಚ್ಚಿಸಿದ.

"ಬಂಗಾರ ಅಲ್ಲ ಸಾಮಿ, ಮೇಸ್ತ್ರಿ ಬಿಸಾಕಿದ್ದ ಸಿಗರೇಟು ಪ್ಯಾಕಿನ ಕಾಗ್ದ. ಕುರ್ಚಿಗೆ ಬೇಕಿತ್ತು," ಅಂದರು ಮಾವ.

ಕಾಗದವೇ ಎಂದು ಖಾತ್ರಿಯಾದ ಮೇಲೂ, ಕುರ್ಚಿಗೆ ಯಾಕೆ ಎಂಬ ವಿಚಾರಣೆ ಅರ್ಧ ಗಂಟೆ ನಡೆಯಿತಂತೆ.

ನಾವು ಬಂಗಾರಪೇಟೆಯಿಂದ ರೈಲು ಹತ್ತಿ ಹೋದ ದಿನ ಚಿತ್ರ ಮುಗಿದಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಕಸಕ್ಕೆ ಇಷ್ಟು ಸಿರಿ ಬರುತ್ತದೆಂದು ಯಾರು ಕಂಡಿದ್ದರು? ಚಿತ್ರದೊಳಗಿನ ಆ ಚಿನ್ನದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದವರು ಸಾಕ್ಷಾತ್ ನಮ್ಮ ಅತ್ತೆ!

ಅತ್ತೆ ಅಂಥದೇ ಬಂಗಲೆಯಲ್ಲಿ ಮನೆಗೆಲಸ ಮಾಡುತ್ತಿದ್ದರು. ವರ್ಷಗಟ್ಟಲೆ ಕುರ್ಚಿ ಒರೆಸಿದವರು, ಒಮ್ಮೆಯೂ ಕೂತವರಲ್ಲ. ಆ ದಿನವಷ್ಟೇ ಕುರ್ಚಿಗೆ ಬಂದಿದ್ದ ತಮ್ಮನ್ನು ನೋಡಿದ್ದೇ ತಡ, ಚಿತ್ರವನ್ನು ಗೋಡೆಗೆ ತಿರುಗಿಸಿಬಿಟ್ಟರು.

"ದೊರೆಸಾನಿ ಕುರ್ಚಿನಾಗೆ ನಾನ್ಯಾಕೆ ಕುಂತ್ಕಳ್ಳಲಿ? ನೋಡ್ದೋರು ನಗಲ್ವಾ? ಅರ್ದಾಕು ಅದನ್ನ."

ಮೂರು ತಿಂಗಳ ಶ್ರಮ. ಮಾವನ ಮುಖ ಇಷ್ಟೇ ಇಷ್ಟಾಯಿತು. "ನಿನ್ನ ಕೂರ್ಸಕ್ಕೇ ಇಷ್ಟೆಲ್ಲಾ ಮಾಡಿದ್ದು. ನೀನೇ ಬ್ಯಾಡ ಅಂದ್ಮೇಲೆ ಒಲೆಗೆ ಆಕ್ತೀನಿ ಬಿಡು," ಎಂದು ರಟ್ಟನ್ನು ಎತ್ತಿಕೊಂಡು ಒಲೆಯ ಮುಂದೆ ಕೂತರು. ನನಗೆ ಅಳುವೇ ಬಂತು.

ಅತ್ತೆ ಬಗ್ಗಿ ಇನ್ನೊಮ್ಮೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅಲ್ಲಾ, ಆ ಮನೇನಾಗೆ ಕಾಪಿ ತಂದ್ಕೊಡೋಳು ನಾನು. ನಾನೇ ಇಲ್ಲಿ ಕುಂತ್ರೆ, ನಂಗೆ ಈ ಕಾಪಿ ತಂದ್ಕೊಟ್ಟೋರು ಯಾರು?"

ಮಾವ ರಟ್ಟನ್ನು ನೆಲಕ್ಕಿಳಿಸಿ ಎದ್ದರು. ಗೂಟದಲ್ಲಿದ್ದ ತಮ್ಮ ಖಾಕಿ ಅಂಗಿಯ ತುದಿ ಕತ್ತರಿಸಿದರು. ಕುರ್ಚಿಯ ಪಕ್ಕಕ್ಕೆ, ಕೈಯಲ್ಲಿ ತಟ್ಟೆ ಹಿಡಿದು ತಲೆ ಬಗ್ಗಿಸಿ ನಿಂತ, ಅದೇ ಖಾಕಿ ತೊಟ್ಟ ಒಬ್ಬ ಗಂಡಸನ್ನು ಅಂಟಿಸಿದರು.

ಗೋಡೆಗೆ ಮೊಳೆ ಹೊಡೆದವರು ಅತ್ತೆ.