ಶುನಕಪ್ರಿಯ ಬಿಸ್ಕತ್ತು

ಸ್ವಯಂನಿವೃತ್ತಿ ತೆಗೆದುಕೊಂಡವನಿಗೆ ಬೆಳಗಿನ ಒಂಬತ್ತೂವರೆ ಗಂಟೆಯಷ್ಟು ಕಷ್ಟದ ಹೊತ್ತು ಇನ್ನೊಂದಿಲ್ಲ. ಒಂಬತ್ತರ ತನಕ ಹೇಗೋ ಸಾಗುತ್ತದೆ. ಪೇಪರ್ ಓದಬಹುದು, ಎರಡನೆಯ ಚಹಾ ಕೇಳಬಹುದು, ತೆಂಗಿನಮರದ ಬುಡದಲ್ಲಿ ನಿಂತು ಏನೋ ಲೆಕ್ಕಾಚಾರ ಇರುವವನಂತೆ ಮೇಲೆ ನೋಡಬಹುದು. ಒಂಬತ್ತೂವರೆ ಆಗುವಾಗ ಕೆಲಸ ಇರುವವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ. ಬೀದಿಯಲ್ಲಿ ಉಳಿಯುವುದು ನಾನು ಮತ್ತು ಒಂದೆರಡು ಕೋಳಿಗಳು. ಕೋಳಿಗಳಿಗಾದರೂ ಕೆರೆಯುವ ಉದ್ಯೋಗವಿತ್ತು. ಬ್ಯಾಂಕುಗಳು ತಮ್ಮ ನೌಕರರಿಗೆ ಹಾರ ಹಾಕಿ ಬೇಗ ಬೇಗ ಮನೆಗೆ ಕಳುಹಿಸುತ್ತಿದ್ದ ಆ ವರ್ಷಗಳಲ್ಲಿ ನಾನೂ ಹಾರಕ್ಕೆ ಕುತ್ತಿಗೆ ಕೊಟ್ಟು ಮೂಡುಬಿದಿರೆಯ ಮನೆಗೆ ಬಂದು ಕುಳಿತಿದ್ದೆ. ನನ್ನ ಹೆಂಡತಿ ಸುಮತಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಅವಳು ಬಸ್ಸಿಗೆ ಹೊರಡುವಾಗ ಗೇಟಿನ ಹತ್ತಿರ ನಿಂತು, ಹಾಲು ಉಕ್ಕಿಸಬಾರದು, ನೀರಿನ ಪಂಪು ಬಂದ್ ಮಾಡಲು ಮರೆಯಬಾರದು, ಬಾಗಿಲು ಹಾಕದೆ ನಿದ್ದೆ ಮಾಡಬಾರದು ಎಂದು ನನಗೆ ದಿನದ ಪಾಠ ಒಪ್ಪಿಸುತ್ತಿದ್ದಳು. ನಿನ್ನೆ ಮೊನ್ನೆಯವರೆಗೆ ಒಂದು ಶಾಖೆಯ ಲಾಕರಿನ ಕೀ ಇಟ್ಟುಕೊಂಡಿದ್ದವನು ನಾನು!

ಇಂಥ ಸ್ಥಿತಿಯಲ್ಲಿ ನನಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ನಾಯಿ. ಆ ಮನೆಯ ವಿಠಲಣ್ಣ ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಬರುವಾಗ ದೊಡ್ಡ ಟಿವಿ ತಂದರು, ಬಂದ ಮೇಲೆ ಮಂಗಳೂರಿನಿಂದ ಜೇನುಬಣ್ಣದ ನಾಯಿಯೊಂದನ್ನು ತಂದು ಅದಕ್ಕೆ ಪ್ರಿನ್ಸ್ ಎಂದು ಹೆಸರಿಟ್ಟರು. ಅವರ ತಮ್ಮ ರಜೆಯಲ್ಲಿ ಬಂದವನು ಪ್ರಿನ್ಸನಿಗೆಂದು ಒಂದು ಡಬ್ಬಿ ಪರದೇಶದ ಬಿಸ್ಕತ್ತು ಕೊಟ್ಟು ಹೋದ. ಡಬ್ಬಿ ಖಾಲಿಯಾಯಿತು, ಪ್ರಿನ್ಸ್ ಉಪವಾಸ ಕುಳಿತಿತು. ವಿಠಲಣ್ಣನ ಹೆಂಡತಿ ರತ್ನಕ್ಕ ಕಾಂಪೌಂಡಿನ ಆಚೆಯಿಂದ ಕಣ್ಣೀರು ತುಂಬಿಕೊಂಡು, "ರಘುರಾಮಣ್ಣ, ಗಂಜಿ ಹಾಕಿದರೆ ಮುಖ ತಿರುಗಿಸ್ತದೆ. ಬಂಗುಡೆ ತಲೆ ಕೊಟ್ಟರೂ ಬೇಡ. ಎರಡು ದಿನ ಆಯ್ತು ಮಾರಾಯ್ರೇ, ನಮಗೂ ಊಟ ಸೇರುವುದಿಲ್ಲ" ಎಂದರು. ನಾನು ಆ ಖಾಲಿ ಡಬ್ಬಿ ಇಸಿದುಕೊಂಡೆ. ಅದರ ಬೆನ್ನಿನ ಮೇಲಿದ್ದ ಸಣ್ಣಕ್ಷರವನ್ನೆಲ್ಲ ಸಾಲದ ಅರ್ಜಿ ಓದುವ ಶ್ರದ್ಧೆಯಲ್ಲಿ ಓದಿದೆ. ಗೋಧಿ, ಧಾನ್ಯ, ತರಕಾರಿ. ಇದನ್ನು ಮಾಡಲು ಸಮುದ್ರ ದಾಟಬೇಕೆ?

ಸಂಜೆ ಸುಮತಿ ಚಪ್ಪಲಿ ಬಿಚ್ಚುವ ಮೊದಲೇ ವಿಷಯ ಹೇಳಿದೆ. "ಬಿಸ್ಕುಟ್ ಮಾಡ್ತೇನೆ. ಮನೆಯಲ್ಲೇ. ನಾಯಿಗಳಿಗೆ."

ಅವಳು ಚೀಲ ಕೆಳಗಿಟ್ಟಳು. "ಈ ಮನೆಯ ಮನುಷ್ಯರಿಗೆ ಒಂದು ದೋಸೆ ಹುಯ್ದು ಕೊಟ್ಟದ್ದುಂಟಾ ನೀವು, ಇಷ್ಟರವರೆಗೆ?"

ಆದರೂ ಅವಳು ಒಪ್ಪಿದಳು. ನಾನು ಮಧ್ಯಾಹ್ನ ಬಾಗಿಲು ತೆರೆದಿಟ್ಟು ಗೊರಕೆ ಹೊಡೆಯುವುದಕ್ಕಿಂತ ಇದು ವಾಸಿ ಎಂದು ಅನ್ನಿಸಿರಬೇಕು. ಒಂದೇ ಒಂದು ಷರತ್ತು: ಅಕ್ಕ ಉಡುಗೊರೆ ಕೊಟ್ಟ ತನ್ನ ಗುಂಡು ಓವನ್ನಿಗೆ ಮೀನು, ಮಾಂಸ, ಮೊಟ್ಟೆಯ ವಾಸನೆ ತಾಗಬಾರದು. ಒಣಸಿಗಡಿ ಪುಡಿ ಹಾಕಿ ನಾಯಿಗಳ ಮನಸ್ಸು ಸೂರೆಗೊಳ್ಳಬೇಕೆಂದಿದ್ದ ನನ್ನ ಯೋಜನೆ ಅಲ್ಲಿಗೇ ಬಿದ್ದುಹೋಯಿತು. ಜಾನುವಾರು ಆಸ್ಪತ್ರೆಯ ಡಾಕ್ಟರರನ್ನು ಕೇಳಿದರೆ ಅವರು ಉಳಿದ ರುಚಿಯನ್ನೂ ತೆಗೆದುಹಾಕಿದರು. "ಉಪ್ಪು ಬೇಡ. ಸಕ್ಕರೆ ಬೇಡ, ಬೆಲ್ಲವೂ ಬೇಡ. ಗಟ್ಟಿ ಇರಲಿ, ಹಲ್ಲಿಗೆ ಒಳ್ಳೆಯದು." ಕೊನೆಗೆ ಉಳಿದದ್ದು ರಾಗಿ, ಗೋಧಿ, ನೆಲಗಡಲೆ ಪುಡಿ, ಬೇಯಿಸಿದ ಸಿಹಿಗುಂಬಳ, ಒಂದು ಚಮಚ ತೆಂಗಿನೆಣ್ಣೆ. ಗಟ್ಟಿಯ ವಿಷಯದಲ್ಲಿ ನಾನು ಡಾಕ್ಟರರನ್ನೇ ಮೀರಿಸಿದೆ. ಮೊದಲ ದಿನದ ಒಂದು ಬಿಸ್ಕತ್ತು ಕೈಜಾರಿ ಬಿದ್ದಾಗ ಒಳಗಿನಿಂದ ಸುಮತಿ, "ಯಾವ ಪಾತ್ರೆ ಅದು?" ಎಂದು ಕೇಳಿದಳು.

ಆಕಾರ ಎಲುಬಿನದ್ದಾಗಬೇಕೆಂದು ಬಂಟ್ವಾಳ ಪೇಟೆಯ ತಗಡಿನ ಕೆಲಸದವರ ಹತ್ತಿರ ಅಚ್ಚು ಮಾಡಿಸಲು ಹೋದೆ. ಕಾಗದದ ಮೇಲೆ ಬರೆದ ಚಿತ್ರ ನೋಡಿ ಅವರು, "ಇದು ಎಂತ?" ಎಂದರು. ಅಂಗಡಿಯಲ್ಲಿ ಬೇರೆ ನಾಲ್ಕು ಜನ ಇದ್ದರು. ನಾಯಿಯ ಎಲುಬು ಎನ್ನಲು ನಾಚಿಕೆಯಾಗಿ, "ಒಂದು ಡಿಸೈನ್" ಎಂದೆ. ಅವರು ಕಲಾವಿದರು. ಡಿಸೈನ್ ಎಂದ ಮೇಲೆ ಸುಮ್ಮನೆ ಬಿಡುವುದುಂಟೇ? ಎಲುಬಿನ ಎರಡು ತುದಿಗೂ ಎಸಳು ಕೂರಿಸಿ, ಮದುವೆ ಕಾಗದದ ಮೂಲೆಯಲ್ಲಿರುವಂಥ ಹೂಬಳ್ಳಿಯೊಂದನ್ನು ಮಾಡಿಕೊಟ್ಟರು. ಚಂದವಾಗಿಯೇ ಇತ್ತು. ನಾನು ಮರುಮಾತಾಡದೆ ತಂದೆ.

ಪ್ರಿನ್ಸ್ ಮೊದಲ ಬಿಸ್ಕತ್ತನ್ನು ಮೂಸಿತು, ನನ್ನನ್ನು ನೋಡಿತು, ರತ್ನಕ್ಕ ಅದನ್ನು ಒಳಗೆ ಕರೆದುಕೊಂಡು ಹೋದರು. ಐದು ನಿಮಿಷ ಕಳೆದು ಹೊರಗೆ ಬಂದು, "ತಿಂತು! ಎರಡು ತಿಂತು!" ಎಂದು ಕೂಗಿದರು. ಪ್ರಮೋಷನ್ ಆದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಹೆಸರು ಇಟ್ಟವಳು ಸುಮತಿ. ನಾಯಿ ಬಿಸ್ಕುಟ್ ಎಂದು ಬರೆದರೆ ತನಗೆ ಸ್ಟಾಫ್ ರೂಮಿನಲ್ಲಿ ತಲೆ ಎತ್ತಲಾಗುವುದಿಲ್ಲ ಎಂದು, ನಿಘಂಟು ತೆರೆಯದೆಯೇ "ಶುನಕಪ್ರಿಯ" ಎಂದಳು. ಶುನಕ ಎಂದರೆ ನಾಯಿ. ನಾಯಿಗೆ ಇಷ್ಟವಾದದ್ದು ಶುನಕಪ್ರಿಯ. ಎಷ್ಟು ಗಂಭೀರ! ಪ್ರಿಂಟಿಂಗ್ ಪ್ರೆಸ್ಸಿನವನು ಕೇಳಿದ, "ಚಂದದ ಹೆಸರು. ಮಗಳದ್ದಾ?" ನಮಗೆ ಮಗಳಿಲ್ಲ. ಆದರೆ ಹೊಗಳಿಕೆಗೆ ಅಡ್ಡಿ ಮಾಡುವ ಅಭ್ಯಾಸ ನನಗಿಲ್ಲದ್ದರಿಂದ ನಕ್ಕೆ. ಅವನು ಖುಷಿಯಿಂದ ಹೆಸರಿನ ಎರಡೂ ಬದಿಗೆ ಒಂದೊಂದು ತಾವರೆ ಹಾಕಿದ.

ಮಾರುವುದು ಮಾಡುವುದಕ್ಕಿಂತ ಕಷ್ಟ. ಕಕ್ಕಿಂಜೆಯಲ್ಲಿ ಐದು ನಾಯಿ ಸಾಕಿದ ಕೃಷಿಕರೊಬ್ಬರ ಮನೆಗೆ ಹೋಗಿ ಅರ್ಧ ಗಂಟೆ ಪೌಷ್ಟಿಕತೆಯ ಬಗ್ಗೆ ಮಾತಾಡಿದೆ. ಅವರು ಪೂರ್ತಿ ಕೇಳಿ, "ನನ್ನ ನಾಯಿಗಳಿಗೆ ತಲೆ ಸರಿ ಉಂಟು ಮಾರಾಯ್ರೇ" ಎಂದು ನನಗೆ ಮಜ್ಜಿಗೆ ಕೊಟ್ಟು ಕಳುಹಿಸಿದರು. ಕೊನೆಗೆ ಕೈ ಹಿಡಿದವರು ಬೆಳ್ತಂಗಡಿಯ ಅಬ್ಬಾಸಣ್ಣ. ನಾನು ಅಲ್ಲಿಯ ಶಾಖೆಯಲ್ಲಿದ್ದ ಕಾಲದಿಂದ ಪರಿಚಯ. ಪೇಟೆಯಲ್ಲಿ ದೊಡ್ಡ ಜಿನಸಿನ ಅಂಗಡಿ. "ನಮ್ಮಲ್ಲಿ ನಾಯಿ ಸಾಕುವುದಿಲ್ಲ, ರಘುರಾಮಣ್ಣ. ಆದರೆ ಸಾಕುವವರು ಅಂಗಡಿಗೆ ಬರ್ತಾರಲ್ಲ, ಇಡುವ" ಎಂದು ಬಿಸ್ಕತ್ತು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳನ್ನು ಸೋಪಿನ ಪಕ್ಕ ಜೋಡಿಸಿದರು. ಮರುವಾರವೇ ಅವರು ದುಬಾಯಿಯಲ್ಲಿದ್ದ ಮಗನನ್ನು ನೋಡಲು ಹೊರಟುಹೋದರು. ಅಂಗಡಿ ಅವರ ಭಾವನ ಕೈಗೆ ಬಂತು.

ಆ ಮೇಲೆ ನಡೆದದ್ದು ಪವಾಡ. ಭಾವ ಫೋನ್ ಮಾಡಿದರು: "ಹೋದದ್ದೇ ಗೊತ್ತಾಗುವುದಿಲ್ಲ. ಇನ್ನು ಇಪ್ಪತ್ತು ತೊಟ್ಟೆ ಕಳಿಸಿ." ಮುಂದಿನ ವಾರ ನಲವತ್ತು. ನನಗೆ ಒಂಬತ್ತೂವರೆ ಗಂಟೆ ಯಾವಾಗ ಬಂತು, ಯಾವಾಗ ಹೋಯಿತು ಎಂದೇ ತಿಳಿಯುತ್ತಿರಲಿಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಪ್ರಾಣಿದಯೆ ಹೇಗೆ ಬೆಳೆಯುತ್ತಿದೆ ಎಂದು ಸುಮತಿಗೆ ಊಟದ ಹೊತ್ತಿಗೆ ಉಪನ್ಯಾಸ ಕೊಡತೊಡಗಿದೆ. ಅವಳು ಸಾರು ಬಡಿಸುತ್ತಾ, "ನೀವು ಒಮ್ಮೆ ಹೋಗಿ ನೋಡಿ ಬನ್ನಿ" ಎಂದಷ್ಟೇ ಹೇಳಿದಳು.

ಹೋಗಿ ನೋಡಿದೆ. ಅಬ್ಬಾಸಣ್ಣ ದುಬಾಯಿಯಿಂದ ಮರಳಿದ್ದರು. ನನ್ನನ್ನು ಕಂಡವರೇ ಅಕ್ಕಿ ಗೋಣಿಗಳ ಹಿಂದೆ ಕರೆದುಕೊಂಡು ಹೋದರು.

"ರಘುರಾಮಣ್ಣ, ಒಂದು ಎಡವಟ್ಟು ಆಗಿದೆ. ಭಾವನಿಗೆ ಹೇಳಿ ಹೋಗಲು ಮರೆತೆ. ಅವ ಇದನ್ನು ರಸ್ಕಿನ ಹತ್ತಿರ ಇಟ್ಟಿದ್ದಾನೆ."

"ಇಟ್ಟರೆ ಎಂತ?"

"ಎಂತ ಅಂತ ಕೇಳ್ತೀರಾ? ತಾಲೂಕು ಆಫೀಸಿನವರೆಲ್ಲ ಚಹಕ್ಕೆ ಅದ್ದಿ ತಿಂತಾ ಇದ್ದಾರೆ. ಸಕ್ಕರೆ ಇಲ್ಲ, ಉಪ್ಪಿಲ್ಲ. ಶುಗರಿನವರಿಗೂ ಆಯ್ತು, ಬೀಪಿಯವರಿಗೂ ಆಯ್ತು ಅಂತ ಒಬ್ಬರಿಗೊಬ್ಬರು ಹೇಳಿ ತಕ್ಕೊಂಡು ಹೋಗ್ತಾರೆ. ವೇಣೂರಿನ ಧರ್ಮಪಾಲ ಹೆಡ್ಮಾಸ್ಟ್ರ ಮನೆಗೇ ವಾರಕ್ಕೆ ಎರಡು ತೊಟ್ಟೆ ಉಂಟು."

ನಾನು ಅಕ್ಕಿ ಗೋಣಿಯ ಮೇಲೆ ಕುಳಿತೆ. ಧರ್ಮಪಾಲ ಮಾಸ್ಟ್ರು ನನ್ನ ಗುರುಗಳು. ಜೈನರು, ಎಂಬತ್ತರ ಹತ್ತಿರದ ವಯಸ್ಸು, ಶುದ್ಧ ಸಸ್ಯಾಹಾರಿ. ಒಣಸಿಗಡಿ ಬೇಡವೆಂದ ಸುಮತಿಗೆ ಅಲ್ಲಿಂದಲೇ ಮನಸ್ಸಿನಲ್ಲಿ ಕೈಮುಗಿದೆ. ಅಬ್ಬಾಸಣ್ಣ ನನ್ನ ಭುಜ ತಟ್ಟಿ, "ವ್ಯಾಪಾರ ನನಗೂ ಬೇಕು. ಆದರೆ ಹೀಗಲ್ಲ. ತಿಂದವರಿಗೆ ಹೇಳಬೇಕು. ಪೇಟೆಯವರಿಗೆ ನಾನು ಹೇಳ್ತೇನೆ, ಮಾಸ್ಟ್ರ ಮನೆಗೆ ನೀವು ಹೋಗಿ" ಎಂದರು. ಸುಲಭದ್ದನ್ನು ಅವರು ಇಟ್ಟುಕೊಂಡರೆಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ವೇಣೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಏನೂ ಕಾಣಿಸಲಿಲ್ಲ. ಕ್ಷಮೆ ಕೇಳುವ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಪ್ರತಿ ವಾಕ್ಯದ ಕೊನೆಗೂ 'ನಾಯಿ' ಎಂಬ ಶಬ್ದ ಬಂದು ಕುಳಿತುಕೊಳ್ಳುತ್ತಿತ್ತು. ಈ ಮಾಸ್ಟ್ರು ಒಂದೊಂದು ಪದಕ್ಕೆ ಎಂಟೆಂಟು ಸಮಾನಾರ್ಥಕ ಬಾಯಿಪಾಠ ಮಾಡಿಸಿದವರು. ಒಂದು ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸಿದವರು. ಅವರಿಗೆ ನಾನು ನಾಯಿ ತಿಂಡಿ ತಿನ್ನಿಸಿದ್ದೆ.

ಮಾಸ್ಟ್ರು ಜಗಲಿಯಲ್ಲಿ ಕುಳಿತು, ನನ್ನ ಬಿಸ್ಕತ್ತನ್ನೇ ಚಹಾದಲ್ಲಿ ಅದ್ದಿ ಹಿಡಿದಿದ್ದರು. ಮೆತ್ತಗಾಗಲು ತುಂಬ ಹೊತ್ತು ಬೇಕು, ಪಾಪ. ನಾನು ಕುಳಿತುಕೊಳ್ಳಲೂ ಇಲ್ಲ.

"ಸರ್, ಒಂದು ತಪ್ಪಾಗಿದೆ. ಈ ಬಿಸ್ಕತ್ತು ಮಾಡುವವನು ನಾನೇ. ಇದು… ಇದು ಮನುಷ್ಯರಿಗೆ ಅಂತ ಮಾಡಿದ್ದಲ್ಲ ಸರ್."

ಅವರು ಅದ್ದಿದ್ದನ್ನು ಬಾಯಿಗೆ ಹಾಕಿ, ನಿಧಾನ ಅಗಿದು, ನುಂಗಿದರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಶುನಕ ಎಂದರೆ ಏನೆಂದು ನಿನಗೆ ಕಲಿಸಿದ್ದು ಯಾರು ರಘು?"

"ನೀವೇ ಸರ್" ಎಂದೆ.

"ಮೊದಲ ತೊಟ್ಟೆ ಬಂದ ದಿವಸವೇ ಓದಿದ್ದೇನೆ. ಹೆಸರೂ ಓದಿದೆ, ಎಂತೆಂತ ಹಾಕಿದ್ದೀ ಅಂತಲೂ ಓದಿದೆ. ರಾಗಿ, ಗೋಧಿ, ಕಡಲೆ, ಕುಂಬಳ. ಇದರಲ್ಲಿ ನನಗೆ ಆಗದ್ದು ಎಂತ ಉಂಟು ಹೇಳು? ಶುಗರ್ ಅಂತ ಗೊತ್ತಾದಲ್ಲಿಂದ ಈ ಮನೆಯಲ್ಲಿ ನನಗೆ ಬಾಳೆಹಣ್ಣಿಲ್ಲ, ಪಾಯಸ ಇಲ್ಲ, ಬೆಲ್ಲದ ಡಬ್ಬಿಗೆ ಬೀಗ. ಸೊಸೆ ಒಳ್ಳೆಯವಳೇ, ನನ್ನ ಒಳ್ಳೆಯದಕ್ಕೇ ಮಾಡ್ತಾಳೆ. ಆದರೆ ಅವಳು ಬೇಡ ಅನ್ನದೆ ಕೊಡುವ ವಸ್ತು ಇದೊಂದೇ. ನೀನು ಬಾಯಿ ಬಿಟ್ಟರೆ ಇದೂ ಹೋಯಿತು."

"ಆದರೆ ಸರ್, ನಾಯಿ…"

"ನಾಯಿ ಅಂತ ಈ ಮನೆಯಲ್ಲಿ ಇನ್ನೊಮ್ಮೆ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ."

ಅಷ್ಟರಲ್ಲಿ ಸೊಸೆ ಪದ್ಮಕ್ಕ ಚಹಾ ತಂದರು. ಜೊತೆಗೆ ಬಟ್ಟಲಿನಲ್ಲಿ ನಾಲ್ಕು ಹೂಬಳ್ಳಿಗಳು. "ತಕ್ಕೊಳ್ಳಿ ಅಣ್ಣ. ನಮ್ಮ ಮಾವನಿಗೆ ಇದು ಆಗಿಬಂದಿದೆ. ಇದೊಂದು ಕಂಪೆನಿ ಇದ್ದದ್ದಕ್ಕೆ ಬಚಾವು." ಮಾಸ್ಟ್ರು ನನ್ನನ್ನು ನೋಡುತ್ತಿದ್ದರು, ಪರೀಕ್ಷೆಯ ಹಾಲಿನಲ್ಲಿ ನೋಡುತ್ತಿದ್ದ ಅದೇ ನೋಟ. ನಾನು ಒಂದನ್ನು ಬಾಯಿಗೆ ಹಾಕಿ, ಹಲ್ಲಿನ ಚಿಂತೆ ಬಿಟ್ಟು ಕಚ್ಚಿ, ಕಣ್ಣಲ್ಲಿ ಬಂದ ನೀರು ಒರಸಿಕೊಂಡು, "ಒಳ್ಳೆಯದುಂಟು" ಎಂದೆ. ತಪ್ಪೊಪ್ಪಿಕೊಳ್ಳಲು ಹೋದವನು ಮತ್ತೊಂದು ತಪ್ಪಿಗೆ ಸಹಿ ಹಾಕಿ, ಇದನ್ನು ಮಾಡುವವನು ನಾನೇ, ಇನ್ನು ಮುಂದೆ ಮಾಸ್ಟ್ರಿಗೆ ಬೇಕಾದ್ದನ್ನು ನಾನೇ ಕೊಡುತ್ತೇನೆ, ಅಂಗಡಿಗೆ ಹೋಗುವುದು ಬೇಡ ಎಂದು ಪದ್ಮಕ್ಕನಿಗೆ ಹೇಳಿ ಬಂದೆ.

ಉಳಿದವರ ಮಟ್ಟಿಗಾದರೂ ಪ್ರಾಮಾಣಿಕನಾಗಬೇಕೆಂದು ಹೊಸ ಲೇಬಲ್ ಮಾಡಿಸಿದೆ. ತಾವರೆ ಹೋಯಿತು, ನಾಲಗೆ ಚಾಚಿದ ನಾಯಿಯ ಚಿತ್ರ ಬಂತು. ವ್ಯಾಪಾರ ನಿಂತಿತು. ಆಫೀಸಿನ ಗುಮಾಸ್ತರೊಬ್ಬರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ, ಇನ್ನೊಬ್ಬರು ಅಬ್ಬಾಸಣ್ಣನ ಹತ್ತಿರ, "ಚಿತ್ರ ಇಲ್ಲದ್ದು ಉಂಟಾ?" ಎಂದು ಗುಟ್ಟಿನಲ್ಲಿ ಕೇಳಿದರಂತೆ. ನಾಯಿ ಸಾಕಿದವರು ಕೆಲವರು ಕೊಂಡರು. ಬಂಟ್ವಾಳದ ವಕೀಲರೊಬ್ಬರು ಫೋನ್ ಮಾಡಿ, "ನಮ್ಮ ಟಾಮಿ ಅದನ್ನು ಹೂತು ಹಾಕಿತು" ಎಂದರು. ಗಾಬರಿಯಾಗಿ ರತ್ನಕ್ಕನನ್ನು ಕೇಳಿದರೆ ಅವರು ಸೆರಗಿನ ತುದಿ ತಿರುಚುತ್ತಾ ನಿಜ ಹೇಳಿದರು. "ಸುಮ್ಮನೆ ಕೊಟ್ಟರೆ ಪ್ರಿನ್ಸ್ ಮುಟ್ಟುವುದಿಲ್ಲ ರಘುರಾಮಣ್ಣ. ನಾನು ಮೀನಿನ ಗಸಿಯಲ್ಲಿ ಅದ್ದಿ ಕೊಡುವುದು. ಗಸಿ ನೆಕ್ಕಿ ಬಿಸ್ಕುಟ್ ಬಿಡ್ತದೆ. ನಿಮಗೆ ಬೇಜಾರಾಗ್ತದಂತ ಹೇಳಲಿಲ್ಲ."

ಆ ತಿಂಗಳ ಕೊನೆಗೆ ಪದ್ಮಕ್ಕ ಮೂಡುಬಿದಿರೆಗೆ ಬಂದವರು ಮಾವನ ಬಿಸ್ಕತ್ತು ಒಯ್ಯಲು ನಮ್ಮ ಮನೆಗೇ ಬಂದರು. ಅವರಿಗೆಂದು ಚಿತ್ರವಿಲ್ಲದ ತೊಟ್ಟೆ ಒಳಗೆ ತೆಗೆದಿಟ್ಟಿದ್ದೆ. ಆದರೆ ಜಗಲಿಯಲ್ಲಿ, ಅಂಗಡಿಯಿಂದ ಮರಳಿ ಬಂದ ಮೂವತ್ತು ತೊಟ್ಟೆಗಳ ಮೂವತ್ತು ನಾಯಿಗಳು ನಾಲಗೆ ಚಾಚಿಕೊಂಡು ಅವರನ್ನೇ ನೋಡುತ್ತಿದ್ದವು. ಪದ್ಮಕ್ಕ ಒಂದನ್ನು ಎತ್ತಿಕೊಂಡರು. ಕನ್ನಡಕ ಹಾಕಿ ಓದಿದರು. ಒಳಗಿನ ಹೂಬಳ್ಳಿಯನ್ನು ನೋಡಿದರು. ಮಾಸ್ಟ್ರ ಮುಖ ನನ್ನ ಕಣ್ಣೆದುರು ಬಂತು.

"ಇದು ಎಂತ ಅಣ್ಣ? ನಾಯಿಗೂ ಆಗ್ತದೆ ಅಂತ ಹಾಕಿದ್ದೀರಾ?" ಎಂದರು.

ನಾನು ಹೂಂ ಎಂದೆನೋ ಊಹೂಂ ಎಂದೆನೋ ನನಗೇ ಗೊತ್ತಿಲ್ಲ.

"ಹಾಗೆಲ್ಲ ಸುಳ್ಳು ಹಾಕಬೇಡಿ. ನಾನು ನಮ್ಮ ಮನೆಯ ನಾಯಿಗೆ ಒಮ್ಮೆ ಹಾಕಿ ನೋಡಿದ್ದೇನೆ. ಮೂಸಿ ನೋಡಿ ಎದ್ದು ಹೋಯಿತು. ಮನುಷ್ಯರು ತಿನ್ನುವಂಥದ್ದು ಅದಕ್ಕೆ ಹೇಗೆ ಸೇರ್ತದೆ? ಇಷ್ಟು ಒಳ್ಳೆಯ ಬಿಸ್ಕುಟ್ ಮಾಡಿ, ನಾಲ್ಕು ತೊಟ್ಟೆ ಹೆಚ್ಚು ಹೋಗಲಿ ಅಂತ ನಾಯಿಯ ಚಿತ್ರ ಹಾಕಿ ಯಾಕೆ ಹೆಸರು ಕೆಡಿಸಿಕೊಳ್ತೀರಿ?"

ಒಳಗೆ ಸುಮತಿ ಚಹಾ ಸೋಸುತ್ತಿದ್ದ ಸದ್ದು ನಿಂತಿತು. ನಾನು ತಲೆ ತಗ್ಗಿಸಿ, "ತಪ್ಪಾಯ್ತು ಪದ್ಮಕ್ಕ, ಇನ್ನು ಹಾಕಿಸುವುದಿಲ್ಲ" ಎಂದೆ.