ನಮ್ಮ ಕಾರ್ ಶೆಡ್ಡಿಗೆ ಬಂದ ಜಪ್ತಿ ಕುರ್ಚಿಗಳು

ಮನೆ ಕಟ್ಟಿಸುವವರಿಗೆ ನನ್ನದೊಂದು ಸಣ್ಣ ಕಿವಿಮಾತು. ಖಾಲಿ ಜಾಗ ಬಿಡಬೇಡಿ. ಬಿಟ್ಟರೂ ಅದಕ್ಕೆ ಒಳ್ಳೆಯ ಬಾಗಿಲು ಹಾಕಿಸಬೇಡಿ. ದಾಂಡೇಲಿಯಲ್ಲಿ ನಾವು ಮನೆ ಕಟ್ಟಿಸಿದಾಗ ನಮ್ಮ ಯಜಮಾನರು, ಮುಂದೆಂದೋ ಬರಲಿರುವ ಕಾರಿಗಾಗಿ ಪಕ್ಕದಲ್ಲೊಂದು ಶೆಡ್ಡು ಹಾಕಿಸಿ, ಅದಕ್ಕೆ ಶಟರು ಬೇರೆ ಇಡಿಸಿದರು. ಕಾರು ಇನ್ನೂ ಬಂದಿಲ್ಲ. ಬೇರೆ ಎಲ್ಲವೂ ಬಂದಿವೆ. ಎದುರುಮನೆಯವರ ಗೃಹಪ್ರವೇಶದ ಕುಂಬಳಕಾಯಿ, ನಾದಿನಿ ಊರು ಬಿಡುವಾಗ ಇಟ್ಟುಹೋದ ಮಂಚ, ಯಾರದೋ ಗಾಲಿಯಿಲ್ಲದ ಸ್ಕೂಟರ್. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ‘ಥ್ಯಾಂಕ್ಯೂ’ ಅನ್ನುವುದನ್ನು ಹದಿನಾರು ಬಗೆಯಲ್ಲಿ ಕಲಿಸಿದ್ದರೇ ಹೊರತು, ‘ಜಾಗವಿಲ್ಲ’ ಅನ್ನುವುದನ್ನು ಒಂದು ಬಗೆಯಲ್ಲೂ ಕಲಿಸಿರಲಿಲ್ಲ. ಹೀಗಾಗಿ ಒಂದು ಮಧ್ಯಾಹ್ನ ಆ ಶೆಡ್ಡಿಗೆ ಸಾಕ್ಷಾತ್ ಕೋರ್ಟೇ ಬಂತು.

ನಮ್ಮ ಪಕ್ಕದ ಮನೆಯ ಮುಖ್ತಾರ್ ಭಾಯಿ ಶಾಮಿಯಾನಾ, ಕುರ್ಚಿ, ಅಡುಗೆಯ ದೊಡ್ಡ ದೊಡ್ಡ ಡೇಗುಗಳನ್ನು ಬಾಡಿಗೆಗೆ ಕೊಡುವವರು. ಊರಿನಲ್ಲಿ ಮದುವೆಯಾದವರೆಲ್ಲ ಒಮ್ಮೆಯಾದರೂ ಅವರ ಕುರ್ಚಿಯ ಮೇಲೆ ಕುಳಿತವರೇ. ಪ್ರತಿ ಕುರ್ಚಿಯ ಬೆನ್ನಿನ ಮೇಲೂ ಕೆಂಪು ಬಣ್ಣದಲ್ಲಿ ಅವರ ಹೆಸರಿನ ಮೊದಲಕ್ಷರ. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರಿಂದ ಅವರು ಹೊಸ ಶಾಮಿಯಾನಾದ ಬಟ್ಟೆ ತಂದಿದ್ದರು. ಮೊದಲ ಮಳೆಗೇ ಅದು ಬಣ್ಣ ಬಿಟ್ಟು, ಕೆಳಗೆ ಊಟಕ್ಕೆ ಕುಳಿತಿದ್ದ ಬೀಗರ ಬಿಳಿ ಅಂಗಿಗಳೆಲ್ಲ ಗುಲಾಬಿಯಾದವು. “ಅಂಥಾ ಅರಿವಿಗೆ ನಾ ರೊಕ್ಕಾ ಕೊಡೂದಿಲ್ಲ” ಎಂದರು ಮುಖ್ತಾರ್ ಭಾಯಿ. ವ್ಯಾಪಾರಿ ದಾವೆ ಹಾಕಿದರು. ಅಷ್ಟಕ್ಕೇ ಬಿಡದೆ, ಈ ಮನುಷ್ಯ ತನ್ನ ಸಾಮಾನುಗಳನ್ನು ಲಾರಿಯಲ್ಲಿ ತುಂಬಿ ಗೋವಾಕ್ಕೆ ಸಾಗಿಸುತ್ತಿದ್ದಾನೆ, ನಾಳೆ ನಾವು ಗೆದ್ದರೂ ಕೈಗೆ ಏನೂ ಸಿಗುವುದಿಲ್ಲ ಎಂದು ಪ್ರಮಾಣಪತ್ರವನ್ನೂ ಕೊಟ್ಟರು. ಲಾರಿ ಗೋವಾಕ್ಕೆ ಹೋಗುತ್ತಿದ್ದದ್ದು ನಿಜ. ಅಲ್ಲಿಯ ಮದುವೆಗಳ ಕಾಲಕ್ಕೆ ಪ್ರತಿ ವರ್ಷವೂ ಹೋಗುತ್ತದೆ, ಮದುವೆ ಮುಗಿದ ಮೇಲೆ ಒಂದಿಷ್ಟು ಗೋಡಂಬಿ ಸಮೇತ ಹಿಂದಕ್ಕೆ ಬರುತ್ತದೆ. ಗೋಡಂಬಿ ತಿಂದ ನಾನೇ ಅದಕ್ಕೆ ಸಾಕ್ಷಿ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಜಪ್ತಿ ಮಾಡಲು ಕೋರ್ಟಿನ ಬೇಲೀಫರು ಬಂದಾಗ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬಹಳ ಮೆತ್ತಗಿನ ಮನುಷ್ಯ. ಅಂಗಿಯ ಮೇಲಿನ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. “ಗಾಬರಿ ಆಗಬ್ಯಾಡ್ರಿ ಬಾಯಾರ. ಮುಖ್ತಾರ್ ಸಾಹೇಬ್ರು ತಪ್ಪು ಮಾಡ್ಯಾರ ಅಂತ ಏನೂ ಇನ್ನೂ ತೀರ್ಪಾಗಿಲ್ಲ. ಇದು ತೀರ್ಪಿಗಿಂತ ಮುಂಚಿನ ಜಪ್ತಿ. ಜಾಮೀನು ಕೊಟ್ರ ಬಿಡ್ತಾರ. ಅಲ್ಲೀತನಕ ಸಾಮಾನು ಈ ಕೋರ್ಟಿನ ಸರಹದ್ದು ದಾಟಬಾರದು, ಅಷ್ಟ” ಎಂದರು. ಆಮೇಲೆ ತಲೆ ಕೆರೆದುಕೊಂಡು, “ಇಷ್ಟೆಲ್ಲಾ ಕುರ್ಚಿ ನಾ ಎಲ್ಲಿಗಂತ ಹೊತ್ಕೊಂಡು ಹೋಗ್ಲಿ? ನಿಮ್ಮ ಶೆಡ್ಡಿನ್ಯಾಗ ಇನ್ನೂ ಜಾಗಾ ಕಾಣ್ತೈತಿ...” ಎಂದು ಮಾತನ್ನು ಅರ್ಧಕ್ಕೇ ಬಿಟ್ಟರು.

ಇನ್ನರ್ಧವನ್ನು ನಾನು ಪೂರ್ತಿ ಮಾಡಿದೆ. “ಬರ್ರಿ, ಇಡ್ರಿ” ಎಂದೆ.

ಹೀಗೆ ನಮ್ಮವರು ಜಪ್ತಿ ಮಾಲಿಗೆ ಜಿಮ್ಮೇದಾರರಾದರು. ಕೋರ್ಟು ಕೇಳಿದಾಗ ಇದ್ದದ್ದನ್ನು ಇದ್ದಂತೆಯೇ ತೋರಿಸುವುದು ಅವರ ಹೊಣೆ. ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ, ಹಗ್ಗ ಬಿಗಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದರು. ಕಾರ್ಖಾನೆಯಲ್ಲಿ ಇಡೀ ಶಿಫ್ಟು ಸಂಭಾಳಿಸುವ ನಮ್ಮವರು ಅಂದಿನಿಂದ ದಿನಾ ಹೋಗುವಾಗೊಮ್ಮೆ ಬರುವಾಗೊಮ್ಮೆ ಶಟರು ಎತ್ತಿ ಅರಗನ್ನು ನೋಡತೊಡಗಿದರು. ಅಷ್ಟರಲ್ಲಿ ನಮ್ಮ ಬೀದಿಯ ಬೆಕ್ಕು ಶಟರಿನ ಸಂದಿಯಿಂದ ನುಗ್ಗಿ, ಎಲ್ಲಕ್ಕಿಂತ ದೊಡ್ಡ ಡೇಗಿನಲ್ಲಿ ಮರಿ ಹಾಕಿತು. ಇದ್ದದ್ದು ಇದ್ದಂತೆ ಇಲ್ಲವಲ್ಲ ಎಂದು ನಮ್ಮವರು ಕಂಗಾಲಾಗಿ ಬೇಲೀಫರಿಗೆ ಫೋನು ಮಾಡಿದರು. “ಕಡಿಮಿ ಆದ್ರ ಹೇಳ್ರಿ ಸರ, ಹೆಚ್ಚಾದ್ರ ಕೋರ್ಟಿಗೆ ತಕರಾರಿಲ್ಲ” ಎಂದರಂತೆ ಅವರು.

ನನ್ನ ನಗು ಅಲ್ಲಿಗೇ ಮುಗಿಯಿತು. ಮರುದಿನ ಮುಖ್ತಾರ್ ಭಾಯಿಯ ಹೆಂಡತಿ ದಿಲ್ಶಾದ್ ಭಾಭಿ ಹಿತ್ತಲ ಕಾಂಪೌಂಡಿನ ಆಚೆ ನಿಂತು ಕಣ್ಣೊರೆಸಿಕೊಂಡರು. ಮಗಳು ನಸೀಮಾಳ ಮಂಗನಿ ಶಾಸ್ತ್ರಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಮುಂಡಗೋಡದಿಂದ ಹುಡುಗನ ಕಡೆಯವರು ಬರುವುದು ಮೊದಲೇ ನಿಗದಿಯಾಗಿತ್ತು. ದಿನ ಹತ್ತಿರವಾಗಿತ್ತು. ನಸೀಮಾ ಆ ಹುಡುಗನನ್ನು ಮನಸಾರೆ ಒಪ್ಪಿದ್ದಳು. ಅವನ ಹೆಸರು ಬಂದರೆ ಸಾಕು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುವುದನ್ನು ನಾನು ನೋಡಿದ್ದೆ. “ಜಪ್ತಿ ಅಂತ ಕಿವಿಗೆ ಬಿದ್ರ ಒಲ್ಲೆ ಅಂತಾರ ಅಕ್ಕಾರ. ಯಾವ ತಾಯಿ ಅಂಥಾ ಮನಿ ಹುಡುಗೀನ ತಗೊಂತಾಳ?” ಎಂದರು ಭಾಭಿ.

“ಬ್ಯಾರೆ ಶಾಮಿಯಾನಾದವ್ರ ಹತ್ರ ಕುರ್ಚಿ ತರಿಸ್ರಿ ಭಾಭಿ.”

“ಕುರ್ಚಿ ಬೆನ್ನಿಗೆ ಅವ್ರ ಹೆಸರು ಇರ್ತೈತಲ್ರಿ! ಶಾಮಿಯಾನಾದವನ ಮನಿಯಾಗ ಬ್ಯಾರೆಯವ್ರ ಹೆಸರಿನ ಕುರ್ಚಿ! ಅದಕ್ಕಿಂತ ನೆಲದ ಮ್ಯಾಲ ಕುಂದ್ರಸೂದು ಚೊಲೊ.”

ನನ್ನ ಶೆಡ್ಡಿನಲ್ಲಿ ಊರಿಗಾಗುವಷ್ಟು ಕುರ್ಚಿಗಳಿದ್ದವು. ಒಂದನ್ನೂ ಕೊಡುವಂತಿರಲಿಲ್ಲ. ಭಾಭಿಯೂ ಕೇಳಲಿಲ್ಲ, ಭಾಯಿಯೂ ಕೇಳಲಿಲ್ಲ. ಹಗ್ಗದ ಗಂಟಿನತ್ತ ಕಣ್ಣು ಕೂಡ ಹಾಯಿಸಲಿಲ್ಲ. ಅವರು ಕೇಳಿದ್ದರೆ ಏನು ಮಾಡುತ್ತಿದ್ದೆನೋ ಹೇಳಲು ನನಗೇ ಧೈರ್ಯವಿಲ್ಲ.

ಮಂಗನಿಯ ದಿನ ಬೆಳಿಗ್ಗೆ ನಾನು ಓಣಿಯಲ್ಲಿ ಮನೆಮನೆಗೆ ಹೋಗಿ ಕುರ್ಚಿ ಕೇಳಿದೆ. ಬೆತ್ತದ್ದು ಬಂತು, ಪ್ಲಾಸ್ಟಿಕ್ಕಿನದು ಬಂತು, ಟೈಲರ್ ಮನೆಯ ಸ್ಟೂಲು ಬಂತು, ಮಕ್ಕಳು ಬರೆಯುವ ಹಲಗೆಯಿದ್ದ ಒಂದು ಕುರ್ಚಿಯೂ ಬಂತು. ಅದಲು ಬದಲಾಗದಿರಲೆಂದು ಒಂದೊಂದು ಮನೆಯದಕ್ಕೆ ಒಂದೊಂದು ಬಣ್ಣದ ರವಿಕೆ ಚೂರು ಕಟ್ಟಿದೆ. ಹುಡುಗನ ಅಜ್ಜಿಗೆ ಮೊಣಕಾಲು ನೋವೆಂದು ಕೇಳಿ, ನಮ್ಮ ವರಾಂಡದಲ್ಲಿದ್ದ ಸಾಗವಾನಿಯ ಆರಾಮ ಕುರ್ಚಿಯನ್ನೇ ಹೊತ್ತೊಯ್ಯಿಸಿದೆ. ಅದು ನಮ್ಮವರದು. ಶಿಫ್ಟು ಮುಗಿಸಿ ಬಂದವರು ಚಹಾ ಕುಡಿಯುವುದು, ಪೇಪರು ಓದುವುದು, ಓದಿದೆನೆಂದುಕೊಂಡು ಗೊರಕೆ ಹೊಡೆಯುವುದು ಎಲ್ಲವೂ ಅದರಲ್ಲೇ. ಅಂದು ಅವರು ಡ್ಯೂಟಿಯಲ್ಲಿದ್ದರು.

ಹುಡುಗನ ಅಜ್ಜಿ ದಾದಿಮಾ ಬಂದರು. ಹಣ್ಣಾದ ಮುದುಕಿ, ಸುಣ್ಣದಂಥ ಬಿಳಿ ಸೀರೆ, ಚುರುಕು ಕಣ್ಣು. ಆರಾಮ ಕುರ್ಚಿಯಲ್ಲಿ ಕುಳಿತು, ಶರಬತ್ತು ಕುಡಿದು, ಸುತ್ತಲೂ ನೋಡಿದರು. ಸ್ಟೂಲಿನ ಮೇಲೆ ಹುಡುಗನ ಮಾವ. ಹಲಗೆಯ ಕುರ್ಚಿಯಲ್ಲಿ ಪರೀಕ್ಷೆಗೆ ಕುಳಿತಂತೆ ಹುಡುಗನ ಅಪ್ಪ.

“ಅಲ್ಲೋ ಮುಖ್ತಾರ್, ನೀ ಕುರ್ಚಿ ವ್ಯಾಪಾರಿ ಅಂದಿದ್ದಿ. ಇದೇನಿದು, ಬಸ್‌ಸ್ಟ್ಯಾಂಡ್ ಇದ್ದಂಗೈತಿ?”

ಯಾರೂ ನಗಲಿಲ್ಲ. ಭಾಭಿ ಶರಬತ್ತಿನ ತಟ್ಟೆ ಹಿಡಿದುಕೊಂಡು ನನ್ನತ್ತ ನೋಡಿದರು. ಏನಾದರೊಂದು ಸುಳ್ಳು ಹೇಳೋಣವೆಂದು ನಾನು ಬಾಯಿ ತೆರೆದೆ. ಸುಳ್ಳು ಇಂಗ್ಲಿಷಿನಲ್ಲಿ ಹೊಳೆಯಿತು, ಮುಚ್ಚಿದೆ. ಅಷ್ಟರಲ್ಲಿ ಮುಖ್ತಾರ್ ಭಾಯಿ ಟೊಪ್ಪಿಗೆ ಸರಿ ಮಾಡಿಕೊಂಡು, “ಕುರ್ಚಿ ಎಲ್ಲಾ ಜಪ್ತಿ ಆಗ್ಯಾವರಿ ಅಮ್ಮಾ. ಬಾಜೂ ಮನಿ ಶೆಡ್ಡಿನ್ಯಾಗ ಅದಾವ” ಎಂದು, ಬಣ್ಣ ಬಿಟ್ಟ ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಬಾಗಿಲ ಪರದೆಯ ಕೆಳಗೆ ನಸೀಮಾಳ ಪಾದಗಳು ಕಾಣುತ್ತಿದ್ದವು. ಮೆಹೆಂದಿ ಹಚ್ಚಿದ ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು.

ದಾದಿಮಾ ಎದ್ದರು. ಮುಗಿಯಿತು ಎಂದುಕೊಂಡೆ. “ತೋರ್ಸ ಬಾ ನಡಿ” ಎಂದು ಅವರು ನನ್ನ ಕೈ ಹಿಡಿದುಕೊಂಡರು. ಮುಖ್ತಾರ್ ಭಾಯಿ, ತಟ್ಟೆ ಹಿಡಿದೇ ಇದ್ದ ಭಾಭಿ, ಎಲ್ಲರೂ ಹಿಂದೆ ಬಂದರು. ನಾನು ಶಟರು ಎತ್ತಿದೆ. ಅವರು ಕುರ್ಚಿಗಳ ಸಾಲನ್ನು ನೋಡಿದರು, ಹಗ್ಗದ ಮೇಲಿನ ಅರಗನ್ನು ಹೆಬ್ಬೆರಳಿನಿಂದ ಸವರಿದರು. ಡೇಗಿನೊಳಗಿಂದ ಒಂದು ಮರಿ ಇಣುಕಿ ಮಿಯಾಂವ್ ಅಂದಿತು.

“ಒಂದ ಗೋಡಿ ಆಚೆ ಇಷ್ಟು ಕುರ್ಚಿ. ಮಗಳ ಮಂಗನಿ. ಒಂದು ಗಂಟಾದ್ರೂ ಬಿಚ್ಚಿಲ್ಲ” ಎಂದು ಅವರು ಹಿಂದೆ ಬಂದಿದ್ದ ಮಗನಿಗೆ, ಹುಡುಗನ ಅಪ್ಪನಿಗೆ, ಹೇಳಿದರು. “ಇವ ಎಲ್ಲಿಗೆ ಓಡಿ ಹೋಗ್ತಾನಂತ ಕೋರ್ಟಿನವ್ರು ಹೆದರ್ಯಾರೋ? ನೀ ಹೋಗಿ ಜಾಮೀನು ನಿಲ್ಲು. ಬೀಗನ ಸಲುವಾಗಿ ನಿಂತ್ರ ಯಾರೂ ನಗೂದಿಲ್ಲ.”

ಬೀಗ! ಆ ಮಾತು ಕೇಳಿ ಮುಖ್ತಾರ್ ಭಾಯಿ ಗೋಡೆಯ ಕಡೆ ತಿರುಗಿ ನಿಂತರು. ಭಾಭಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ತಮ್ಮ ಮನೆಯೊಳಗೆ ಓಡಿದರು. ಪರದೆಯ ಹಿಂದೆ ತಾಯಿ ಮಗಳು ಅತ್ತರೋ ನಕ್ಕರೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ. ಮುಂದಿನ ವಾರ ಹುಡುಗನ ಅಪ್ಪ ಜಾಮೀನು ಕೊಟ್ಟರು, ಬೇಲೀಫರು ಬಂದು ಅರಗು ಒಡೆದರು, ಕುರ್ಚಿಗಳು ಮನೆಗೆ ಹೋದವು. ಬಟ್ಟೆಯ ದಾವೆ ಇನ್ನೂ ನಡೆದಿದೆ. ನಡೆಯಲಿ.

ಆದರೆ ಮಂಗನಿಯ ದಿನದ ಸಂಜೆಯೇ ಇನ್ನೊಂದು ನಡೆಯಿತು. ಹೊರಡುವ ಮುನ್ನ ದಾದಿಮಾ ಮತ್ತೊಮ್ಮೆ ಆರಾಮ ಕುರ್ಚಿಯಲ್ಲಿ ಒರಗಿ, “ಬೆನ್ನಿಗೆ ಎಷ್ಟು ಹಿತ ಐತಿ ಇದು! ಇಂಥಾದು ಮುಂಡಗೋಡದಾಗ ಸಿಗೂದಿಲ್ಲ” ಎಂದರು. ಸಂತೋಷದಲ್ಲಿ ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ. “ಒಯ್ರಿ ಅಮ್ಮಾ, ನಿಮ್ಮದ ಅಂತ ತಿಳೀರಿ” ಎಂದೆ. ಅವರು ತಿಳಿದುಕೊಂಡರು. ಟೆಂಪೋದ ಮೇಲೆ ಕಾಲು ಮೇಲು ಮಾಡಿ ಕಟ್ಟಿಸಿಕೊಂಡ ಕುರ್ಚಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಕೈ ಬೀಸಿದೆ.

ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ನಮ್ಮವರು ಬಂದರು. ವಾಡಿಕೆಯಂತೆ ಮೊದಲು ಶೆಡ್ಡಿಗೆ ಹೋಗಿ ಅರಗನ್ನು ನೋಡಿ ಸಮಾಧಾನ ಪಟ್ಟರು. ಆಮೇಲೆ ವರಾಂಡಕ್ಕೆ ಬಂದು ನಿಂತರು.

“ನನ್ನ ಕುರ್ಚಿ?”

“ಮುಂಡಗೋಡಕ್ಕ ಹೋತು.”

ಅವರು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟರು. “ಮುಖ್ತಾರ್ ಒಂದು ಕುರ್ಚೀನೂ ಸರಹದ್ದು ದಾಟಿಸಲಿಲ್ಲ. ನೀ ದಾಟಿಸಿದಿ” ಎಂದಷ್ಟೇ ಹೇಳಿ, ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದರು.

ಈಗಲೂ ಮನೆಗೆ ಬಂದವರು ನಮ್ಮ ದಿವಾನವನ್ನೋ ಟೀಪಾಯಿಯನ್ನೋ ಚೆನ್ನಾಗಿದೆ ಅಂದರೆ, ಒಳಕೋಣೆಯಲ್ಲಿರುವ ನಮ್ಮವರಿಗೆ ಅದು ಹೇಗೋ ಕೇಳಿಸುತ್ತದೆ. ನಾನು ಬಾಯಿ ತೆರೆಯುವುದನ್ನೂ ಕಾಯದೆ ಬಂದು ಅದರ ಮೇಲೆ ಕುಳಿತುಬಿಡುತ್ತಾರೆ.